ಗೆಳತಿಯ ಜೊತೆ ಬ್ರಾಂಕ್ಸಿನ ಕಛೇರಿಗೆ

ಅಮೆರಿಕೆಗೆ ಹೋಗಿಬಂದವರ ಲೇಖನಗಳನ್ನು ನೀವು ಬೇಕಾದಷ್ಟು ಓದಿದ್ದೀರಿ. ನಯಾಗರ ಜಲಪಾತ, ಲಿಬರ್ಟಿ ಪ್ರತಿಮೆ, ಮಗನ ಮನೆಯ ಪಾತ್ರೆ ತೊಳೆಯುವ ಯಂತ್ರ. 2023ರ ಬೇಸಿಗೆಯಲ್ಲಿ ನಾನೂ ಅವನ್ನೆಲ್ಲ ನೋಡಿದೆ. ಅವುಗಳ ಬಗ್ಗೆ ಬರೆಯುವುದಕ್ಕೆ ಬೇರೆಯವರಿದ್ದಾರೆ. ನಾನು ಹೇಳಹೊರಟಿರುವುದು ಬ್ರಾಂಕ್ಸ್ ಎಂಬ ಜಾಗದ ವಿಷಯ. ಆಗಸ್ಟ್ 11ರ ಶುಕ್ರವಾರ ರಾತ್ರಿ ನಾನೂ ನನ್ನ ಬಾಲ್ಯದ ಗೆಳತಿಯೂ ಅಲ್ಲಿ ಹೋಗಿ ಕೂತ ಒಂದು ಕಛೇರಿಯ ವಿಷಯ. ಕಛೇರಿ ಅಂದ ತಕ್ಷಣ ತಂಬೂರಿ, ಪಿಟೀಲು ಅಂದ್ಕೋಬೇಡಿ. ಹಿಪ್ ಹಾಪ್! ಮಕ್ಕಳು ಮನೇಲಿ ಚಂದನ್ ಶೆಟ್ಟಿ, ಆಲ್ ಓಕೆ ಅಂತ ಹಾಕಿಕೊಂಡು ತಲೆ ಕುಣಿಸ್ತಾರಲ್ಲ, ಆ ರ‍್ಯಾಪಿನ ತವರುಮನೆ ಈ ಬ್ರಾಂಕ್ಸ್.

ನ್ಯೂಯಾರ್ಕ್ ನಗರದಲ್ಲಿ ಐದು ಭಾಗಗಳು. ಎತ್ತರದ ಕಟ್ಟಡಗಳ ಫೋಟೋ ನೋಡ್ತೀವಲ್ಲ, ಅದು ಮ್ಯಾನ್‌ಹಟನ್. ಅದರ ಉತ್ತರಕ್ಕೆ, ಹಾರ್ಲೆಮ್ ನದಿಯ ಆಚೆ ದಡದಲ್ಲಿ ಬ್ರಾಂಕ್ಸ್. ನನ್ನ ಗೆಳತಿಯ ಮನೆ ಇರುವುದು ಕ್ವೀನ್ಸ್ ಭಾಗದ ಫ್ಲಶಿಂಗ್‌ನಲ್ಲಿ. ಅಲ್ಲಿನ ಗಣೇಶನ ದೇವಸ್ಥಾನವನ್ನೂ ಅದರ ನೆಲಮಾಳಿಗೆಯ ಕ್ಯಾಂಟೀನಿನ ದೋಸೆಯನ್ನೂ ಆ ಕಡೆ ಹೋದ ಕನ್ನಡಿಗರು ಮರೆಯುವುದಿಲ್ಲ.

ಗೆಳತಿಯ ಹೆಸರು ಬರೀಬೇಡ ಅಂತ ಅವಳೇ ಹೇಳಿದ್ದಾಳೆ. ಅರಸೀಕೆರೆಯಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಓದಿದವರು. 1984ರಲ್ಲಿ ಮದುವೆಯಾಗಿ ಹೋದಳು. ಬ್ರಾಂಕ್ಸಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ರಕ್ತಪರೀಕ್ಷೆ ಮಾಡಿ ನಿವೃತ್ತಳಾದಳು. 2022ರ ಅಕ್ಟೋಬರಿನಲ್ಲಿ ಅವಳ ಯಜಮಾನರು ತೀರಿಕೊಂಡರು. ನ್ಯೂಜೆರ್ಸಿಯ ಮಗನ ಮನೆಯಿಂದ ಹತ್ತು ದಿನ ಅವಳ ಜೊತೆಗಿರೋಣ ಅಂತ ನಾನು ಹೋದಾಗ ಅವಳನ್ನು ನೋಡಿ ಎದೆ ಧಸಕ್ಕೆಂದಿತು. ಬೆಳಗ್ಗೆ ಒಂದು ಲೋಟ ಕಾಫಿ, ಮಧ್ಯಾಹ್ನ ತಟ್ಟೆಯ ಮುಂದೆ ಕೂತು ನಾಲ್ಕು ತುತ್ತು ಅನ್ನ ಕಲೆಸಿ ಹಾಗೇ ಎದ್ದುಬಿಡುವುದು. "ಸೇರಲ್ಲ ಕಣೇ" ಅನ್ನುವಳು. ಅಷ್ಟೇ ಮಾತು.

ಹೀಗಿರುವಾಗ ಅವಳ ಹಳೆಯ ಸಹೋದ್ಯೋಗಿ, ಬ್ರಾಂಕ್ಸಿನಲ್ಲೇ ಹುಟ್ಟಿ ಬೆಳೆದ ಕಪ್ಪುಜನಾಂಗದ ಒಬ್ಬ ನರ್ಸಮ್ಮ, ಮನೆಗೆ ಬಂದು ಎರಡು ಟಿಕೆಟ್ ಮೇಜಿನ ಮೇಲಿಟ್ಟು "ನೀನೂ ನಿನ್ನ ಸ್ನೇಹಿತೆಯೂ ಬರಬೇಕು, ನಾನೂ ಪಕ್ಕದಲ್ಲೇ ಇರ್ತೀನಿ" ಅಂದು ಹೋದರು. ಯಾಂಕೀ ಸ್ಟೇಡಿಯಂನಲ್ಲಿ ಹಿಪ್ ಹಾಪ್ ಹುಟ್ಟಿ ಐವತ್ತು ವರ್ಷವಾದ ಸಂಭ್ರಮದ ಕಾರ್ಯಕ್ರಮ. ಅದೇ ದಿನ ಬೆಂಗಳೂರಿನಿಂದ ಅವಳ ಗಂಡನ ಅಕ್ಕನ ಫೋನು. ಇವಳು ಮಾತಿನ ಮಧ್ಯೆ ಟಿಕೆಟ್ಟಿನ ವಿಷಯ ಹೇಳಿದಳು. ಆ ಕಡೆಯಿಂದ ಬಂದದ್ದು ನನಗೂ ಕೇಳಿಸಿತು. "ವರ್ಷಾಂತಿಕ ಇನ್ನೂ ಆಗಿಲ್ಲ. ಈಗ ಕುಣಿಯೋ ಜಾಗಕ್ಕೆ ಹೋಗೋದಾ? ನಾಲ್ಕು ಜನ ಏನಂತಾರೆ?"

ಇಂಥ ಮಾತು ನಮ್ಮೂರುಗಳಲ್ಲಿ ಯಾರಿಗೆ ಹೊಸದು ಹೇಳಿ. ಗಂಡ ಸತ್ತವಳು ಹೊರಗೆ ಹೊರಟರೆ ಲೆಕ್ಕ ಇಡುವವರು ಓಣಿಗೊಬ್ಬರಿರುತ್ತಾರೆ. ಹೆಂಡತಿ ಸತ್ತವನು ಮೂರನೇ ತಿಂಗಳಿಗೆ ಕ್ರಿಕೆಟ್ ನೋಡಲು ಹೋದರೆ "ಪಾಪ, ಮನಸ್ಸಿಗೆ ಸಮಾಧಾನ" ಅನ್ನುವವರೂ ಅವರೇ. ನಾನು ಅವಳಿಗೆ ಹೋಗೋಣ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. "ಮೊದಲು ಆ ಊರು ತೋರಿಸು, ಇಷ್ಟು ವರ್ಷ ದುಡಿದಿದ್ದೀಯಲ್ಲ" ಅಂದೆ.

ಗುರುವಾರ ಹೊರಟೆವು. ಬ್ರಾಂಕ್ಸಿನ ಪಶ್ಚಿಮಕ್ಕೆ ಸೆಜ್‌ವಿಕ್ ಅವೆನ್ಯೂ ಎಂಬ ರಸ್ತೆ. ಒಂದು ಕಡೆ ಹೆದ್ದಾರಿ, ಅದರಾಚೆ ರೈಲುಕಂಬಿ, ಅದರಾಚೆ ನದಿ. ವಾಹನಗಳ ಸದ್ದು ನಿಲ್ಲುವುದೇ ಇಲ್ಲ. ಅಲ್ಲಿ 1520ನೇ ನಂಬರಿನ ಎತ್ತರದ ಸಾದಾ ಅಪಾರ್ಟ್‌ಮೆಂಟ್ ಕಟ್ಟಡದ ಎದುರು ನಿಲ್ಲಿಸಿ "ಇದೇ ನೋಡು" ಅಂದಳು. ನೋಡಲು ಏನೂ ಇಲ್ಲ. ಬಾಗಿಲಲ್ಲಿ ಸಾಮಾನಿನ ಚೀಲ ಹಿಡಿದ ಹೆಂಗಸರು, ಸೈಕಲ್ಲಿನ ಹುಡುಗರು. ಆದರೆ 2007ರಲ್ಲಿ ನ್ಯೂಯಾರ್ಕ್ ರಾಜ್ಯ ಇದನ್ನೇ ಹಿಪ್ ಹಾಪಿನ ಜನ್ಮಸ್ಥಳ ಎಂದು ಗುರುತಿಸಿತು.

ಕಥೆ ಶುರುವಾಗಿದ್ದು ಒಬ್ಬ ಶಾಲೆ ಹುಡುಗಿಯ ಬಟ್ಟೆಯಿಂದ. ಹುಡುಗಿಯ ಹೆಸರು ಸಿಂಡಿ ಕ್ಯಾಂಪ್‌ಬೆಲ್. ಜಮೈಕಾ ದ್ವೀಪದಿಂದ ಬಂದ ಕುಟುಂಬ. 1973ರಲ್ಲಿ ಬೇಸಿಗೆ ರಜ ಮುಗಿದು ಶಾಲೆ ತೆರೆಯುವ ಮುಂಚೆ ಅವಳಿಗೆ ಹೊಸ ಬಟ್ಟೆ ಬೇಕಿತ್ತು. ಅದೂ ಎಂಥದು? ಫೋರ್ಡಮ್ ರಸ್ತೆಯಲ್ಲಿ ಎಲ್ಲರೂ ಕೊಳ್ಳುವಂಥದ್ದಲ್ಲ, ಮ್ಯಾನ್‌ಹಟನ್ನಿನ ಡೆಲಾನ್ಸಿ ಬೀದಿಯದ್ದು. ನಮ್ಮ ಹುಡುಗಿಯರು ಊರ ಅಂಗಡಿ ಬೇಡ, ಚಿಕ್ಕಪೇಟೆಗೆ ಹೋಗೋಣ ಅಂತ ಹಟ ಮಾಡಲ್ಲವೇ, ಹಾಗೆ. ಕೈಯಲ್ಲಿ ಕಾಸಿಲ್ಲ. ತಾವಿದ್ದ ಇದೇ ಕಟ್ಟಡದ ಕೆಳಗಿನ ಹಾಲನ್ನು ಇಪ್ಪತ್ತೈದು ಡಾಲರಿಗೆ ಬಾಡಿಗೆ ಹಿಡಿದಳು, ಕಾರ್ಡುಗಳ ಮೇಲೆ ಕೈಬರಹದಲ್ಲಿ ಕರೆಯೋಲೆ ಬರೆದು ಹಂಚಿದಳು. ಆಗಸ್ಟ್ 11, ರಾತ್ರಿ ಒಂಬತ್ತರಿಂದ ಬೆಳಗಿನ ನಾಲ್ಕರವರೆಗೆ. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50.

ಮನೆ ಲೆಕ್ಕ ಬರೆಯುವ ನಮಗೆ ತಕ್ಷಣ ಹೊಳೆಯುತ್ತದೆ: ಬಾಡಿಗೆ ಹುಟ್ಟಬೇಕಾದರೇ ನೂರು ಹುಡುಗಿಯರು ಬರಬೇಕು, ಇಲ್ಲವೇ ಐವತ್ತು ಹುಡುಗರು. ಆಮೇಲೆ ಬಂದದ್ದು ಬಟ್ಟೆಗೆ. ಹಾಡು ಹಾಕುವವನಿಗೆ ಸಂಬಳ ಕೊಡುವ ಹಾಗಿಲ್ಲ. ಅದಕ್ಕೆ ಅಣ್ಣನಿದ್ದನಲ್ಲ! ಹದಿನೆಂಟು ವರ್ಷದ ಕ್ಲೈವ್. ದಷ್ಟಪುಷ್ಟ ಆಳು, ಹರ್ಕ್ಯುಲಿಸ್ ಅಂತ ಹುಡುಗರು ಕರೆದು ಕರೆದು 'ಕೂಲ್ ಹರ್ಕ್' ಆಗಿದ್ದ.

ಈ ಅಣ್ಣ ಮಾಡಿದ ಕೆಲಸವೇ ಇಡೀ ಸಂಗೀತದ ಬುನಾದಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಸಂಗೀತ ಕಛೇರಿಗಳಲ್ಲಿ ಮೃದಂಗದ ತನಿ ಆವರ್ತನೆ ಶುರುವಾದರೆ ಅರ್ಧ ಸಭೆ ಕಾಫಿಗೆ ಎದ್ದುಹೋಗುತ್ತದೆ. ಬ್ರಾಂಕ್ಸಿನ ಹುಡುಗರದ್ದು ತದ್ವಿರುದ್ಧ. ರೆಕಾರ್ಡಿನಲ್ಲಿ ಹಾಡು ನಿಂತು ಬರೀ ತಾಳವಾದ್ಯ ಬರುವ ಆ ಹತ್ತು ಹದಿನೈದು ಸೆಕೆಂಡಿಗಾಗಿಯೇ ಕಾದಿದ್ದು, ಅದು ಬಂದ ತಕ್ಷಣ ಕುಣಿಯುತ್ತಿದ್ದರು. ಹರ್ಕ್ ಇದನ್ನು ಗಮನಿಸಿದ. ಒಂದೇ ರೆಕಾರ್ಡಿನ ಎರಡು ಪ್ರತಿ ತಂದು ಎರಡು ಪ್ಲೇಯರ್ ಮೇಲಿಟ್ಟ. ಒಂದರಲ್ಲಿ ತಾಳದ ತುಂಡು ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದೇ ತುಂಡು. ಅಷ್ಟರಲ್ಲಿ ಮೊದಲನೆಯದನ್ನು ಹಿಂದಕ್ಕೆ ತಿರುಗಿಸುವುದು. ಹದಿನೈದು ಸೆಕೆಂಡಿನ ತನಿ ಹೀಗೆ ಎಷ್ಟು ಹೊತ್ತು ಬೇಕಾದರೂ ಬೆಳೆಯಿತು. ಅದರ ಮೇಲೆ ಮೈಕ್ ಹಿಡಿದು ಸ್ನೇಹಿತರ ಹೆಸರು ಕೂಗುವುದು, ಪ್ರಾಸ ಕಟ್ಟುವುದು. ಅದು ಬೆಳೆಯುತ್ತ ಬೆಳೆಯುತ್ತ ರ‍್ಯಾಪ್.

ಆಗಿನ ಬ್ರಾಂಕ್ಸ್ ಹೇಗಿತ್ತೆಂದರೆ ಕಣ್ಣಲ್ಲಿ ನೀರು ಬರಬೇಕು. ಊರ ನಟ್ಟನಡುವೆ ಹೆದ್ದಾರಿ ಸೀಳಿಕೊಂಡು ಹೋಗಿ ಸಾವಿರಾರು ಸಂಸಾರಗಳು ಮನೆ ಬಿಟ್ಟಿದ್ದವು. ಉಳಿದ ಮನೆಗಳನ್ನು ಮಾಲೀಕರು ದುರಸ್ತಿ ಮಾಡಿಸಲಿಲ್ಲ. 1970ರ ದಶಕದುದ್ದಕ್ಕೂ ಬೆಂಕಿಯ ಮೇಲೆ ಬೆಂಕಿ. ಕೆಲವನ್ನು ವಿಮೆಯ ಹಣಕ್ಕಾಗಿ ಬೇಕೆಂದೇ ಹಚ್ಚಿಸಿದ್ದು. ನನ್ನ ಗೆಳತಿ 1984ರಲ್ಲಿ ಬಂದಾಗ ಬಸ್ಸಿನ ಕಿಟಕಿಯಿಂದ ಕಂಡದ್ದನ್ನು ಹೇಳಿದಳು. "ಹೊಸದಾಗಿ ಬಂದವಳು ನಾನು, ದೂರದಿಂದ ನೋಡಿ ಪರವಾಗಿಲ್ಲ, ಕಿಟಕಿಗೆ ಪರದೆ ಹಾಕಿ ಹೂಕುಂಡ ಇಟ್ಕೊಂಡಿದ್ದಾರೆ ಅಂದ್ಕೊಂಡೆ. ಹತ್ತಿರ ಹೋದ್ರೆ ಎಲ್ಲಾ ಚಿತ್ರ ಕಣೇ! ಒಳಗೆ ಮನೆಯೇ ಇಲ್ಲ." ಹೆದ್ದಾರಿಯಲ್ಲಿ ಹೋಗುವವರ ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ ನಗರಾಡಳಿತ ಪಾಳುಮನೆಗಳ ಕಿಟಕಿಗೆ ಪರದೆಯ, ಹೂಕುಂಡದ ಚಿತ್ರ ಅಂಟಿಸಿತ್ತು. ಇದು ನಿಜವಾಗಿ ನಡೆದದ್ದು, 1983ರಲ್ಲಿ. ಆ ಊರಿನ ಮಕ್ಕಳು ಉದ್ಯಾನಗಳಲ್ಲಿ ಬೀದಿದೀಪದ ಕಂಬದಿಂದ ಕರೆಂಟ್ ಎಳೆದು ರೆಕಾರ್ಡ್ ಹಾಕಿ ಕುಣಿಯುತ್ತಿದ್ದರು. ಟಿಕೆಟ್ ಕೊಟ್ಟ ನರ್ಸಮ್ಮ ಹಾಗೆ ಕುಣಿದವರಲ್ಲಿ ಒಬ್ಬರು.

ವಾಪಸು ಬಸ್ಸಿನಲ್ಲಿ ಗೆಳತಿ ಇದ್ದಕ್ಕಿದ್ದ ಹಾಗೆ ಅಂದಳು: "ಹೋಗೋಣ ಕಣೇ ನಾಳೆ. ಇವರು ಆಸ್ಪತ್ರೆಯಲ್ಲಿದ್ದಾಗ ಮೂರು ವಾರ, ರಾತ್ರಿ ಡ್ಯೂಟಿ ಮುಗಿಸಿ ಬಂದು ನನ್ನ ಪಕ್ಕ ಕೂತವಳು ಅವಳು. ನಾಲ್ಕು ಜನ ಅಲ್ಲ."

ಶುಕ್ರವಾರ ಮಧ್ಯಾಹ್ನ ಮೆಂತ್ಯಸೊಪ್ಪಿನ ಚಪಾತಿ ಮಾಡಿ, ಮಿಡಿ ಉಪ್ಪಿನಕಾಯಿ ಜೊತೆ ಕಟ್ಟಿಕೊಂಡೆ. ಫ್ಲಶಿಂಗ್‌ನಿಂದ 7ನೇ ನಂಬರಿನ ರೈಲು, ಗ್ರ್ಯಾಂಡ್ ಸೆಂಟ್ರಲ್‌ನಲ್ಲಿ ಇಳಿದು 4ನೇ ನಂಬರಿನದು. ಆಗ ಒಂದು ಸಲಕ್ಕೆ 2 ಡಾಲರ್ 75 ಸೆಂಟ್, ವಯಸ್ಸಾದವರಿಗೆ ಅರ್ಧ. ನೆಲದಡಿಯಲ್ಲಿ ಹೋಗುತ್ತಿದ್ದ ರೈಲು ಸ್ಟೇಡಿಯಂ ಬಂದಾಗ ಮೇಲೆದ್ದು ರಸ್ತೆಯ ನೆತ್ತಿಯ ಮೇಲೆ ನಿಲ್ಲುತ್ತದೆ. ಹತ್ತಿರದ ಉದ್ಯಾನದ ಬೆಂಚಿನಲ್ಲಿ ನರ್ಸಮ್ಮ ಕಾದಿದ್ದರು. ಮೂವರೂ ಚಪಾತಿ ತಿಂದೆವು. ಮೂವರೂ ಅಂದರೆ ನಾವಿಬ್ಬರು ತಿಂದೆವು, ಗೆಳತಿ ಒಂದು ತುಂಡು ಮುರಿದು ಕೈಯಲ್ಲಿ ಹಿಡಿದಿದ್ದಳು. ಮಿಡಿ ಉಪ್ಪಿನಕಾಯಿ ನರ್ಸಮ್ಮನಿಗೆ ಎಷ್ಟು ಹಿಡಿಸಿತೆಂದರೆ ಡಬ್ಬಿ ಅವರ ಚೀಲಕ್ಕೇ ಹೋಯಿತು.

ಯಾಂಕೀ ಸ್ಟೇಡಿಯಂ ಬೇಸ್‌ಬಾಲ್ ಆಟದ್ದು. ಹಳೆಯದನ್ನು ಕೆಡವುವ ಮುಂಚೆ ರಸ್ತೆಯ ಆಚೆಗೆ ಕಟ್ಟಿ 2009ರಲ್ಲಿ ತೆರೆದದ್ದು ಈಗಿನದು. ಇಳಕಲ್ ಸೀರೆ, ಕಾಲಿಗೆ ಮಗ ಕೊಡಿಸಿದ ಓಟದ ಬೂಟು, ಕಿವಿಯಲ್ಲಿ ಹತ್ತಿ. ಹೀಗೆ ಮೆಟ್ಟಿಲು ಹತ್ತಿದ ನನ್ನನ್ನು ಯಾರೂ ವಿಚಿತ್ರವಾಗಿ ನೋಡಲಿಲ್ಲ. ಅಲ್ಲಿ ನಮ್ಮ ವಯಸ್ಸಿನವರೇ ರಾಶಿ! ಮೊಮ್ಮಕ್ಕಳ ಕೈ ಹಿಡಿದ ಅಜ್ಜಿಯರು, ಮಂಡಿನೋವಿನ ಅಜ್ಜಂದಿರು. ಹದಿನೈದು ವರ್ಷದ ಹುಡುಗರ ಸಂಗೀತಕ್ಕೆ ಐವತ್ತಾದರೆ ಹುಡುಗರಿಗೆ ಅರವತ್ತೈದಾಗುತ್ತದಲ್ಲ.

ಸದ್ದಿನ ಬಗ್ಗೆ ಹೇಳಲೇಬೇಕು. ಜಾತ್ರೆಯಲ್ಲಿ ಡೊಳ್ಳಿನವರ ಪಕ್ಕ ನಿಂತರೆ ಹೊಟ್ಟೆಯೊಳಗೆ ಅದುರುತ್ತದಲ್ಲ, ಅದೇ. ಹತ್ತಿ ಕಿವಿಗೆ ಕಟ್ಟೆ ಕಟ್ಟೀತು, ಎದೆಗೆ ಕಟ್ಟಲಾರದು. ಮೊದಲ ಅರ್ಧ ಗಂಟೆ ಸುಸ್ತಾಯಿತು. ಆಮೇಲೆ ಮೈ ಅದಕ್ಕೆ ಒಗ್ಗಿ, ಮಾತಿನ ಓಟ ಕಿವಿಗೆ ಬೀಳತೊಡಗಿತು. ಅರ್ಥ ನನಗೆ ಹತ್ತರಲ್ಲಿ ಎರಡು ಮಾತು. ಆದರೆ ಪ್ರಾಸ ಹಿಡಿಯುವುದು, ಎದುರಾಳಿಯನ್ನು ಕೆಣಕುವುದು, ತನ್ನನ್ನೇ ಹೊಗಳಿಕೊಳ್ಳುವುದು ಇದೆಲ್ಲ ನಮಗೆ ಗೊತ್ತಿಲ್ಲದ್ದೇ? ಹಿಂದೆ ಮದುವೆಮನೆಯಲ್ಲಿ ನಮ್ಮ ಹೆಂಗಸರು ಬೀಗಿತ್ತಿಯನ್ನು ಜರೆದು ಹಾಡುತ್ತಿದ್ದರಲ್ಲ, ಆ ಕಡೆಯವರು ಅಷ್ಟೇ ಖಾರವಾಗಿ ತಿರುಗಿಸುತ್ತಿದ್ದರಲ್ಲ!

ಹಾಗೆ ತಿರುಗಿಸಿದ ಒಬ್ಬ ಹುಡುಗಿಯ ಕಥೆಯನ್ನು ನರ್ಸಮ್ಮ ನನ್ನ ಕಿವಿಯಲ್ಲಿ ಕೂಗಿ ಹೇಳಿದರು. 1984ರಲ್ಲಿ ಗಂಡಸರ ಒಂದು ತಂಡ ತಮ್ಮನ್ನು ಒಲ್ಲದ ರಾಕ್ಸಾನ್ ಎಂಬ ಹುಡುಗಿಯನ್ನು ಹಂಗಿಸಿ ಹಾಡು ಮಾಡಿತು. ಕ್ವೀನ್ಸಿನ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಬಟ್ಟೆ ಒಗೆಯಲು ಹೊರಟವಳು ದಾರಿಯಲ್ಲಿ ಪರಿಚಯದವರ ಮನೆ ಹೊಕ್ಕು, ರಾಕ್ಸಾನ್ ಪರವಾಗಿ ಖಡಕ್ಕಾಗಿ ಉತ್ತರ ಕೊಟ್ಟು ರೆಕಾರ್ಡ್ ಮಾಡಿಸಿ, ಮತ್ತೆ ಬಟ್ಟೆಯ ಕಡೆಗೆ ಹೋದಳಂತೆ. ರಾಕ್ಸಾನ್ ಶಾಂಟೆ ಎಂದೇ ಅವಳು ಹೆಸರಾದಳು.

ಷುಗರ್‌ಹಿಲ್ ಗ್ಯಾಂಗ್ ತಂಡ ಬಂದಾಗ ಇಡೀ ಸ್ಟೇಡಿಯಂ ಎದ್ದಿತು. ರ‍್ಯಾಪ್ ಊರೂರಿಗೆ ಹೋದದ್ದು 1979ರ ಇವರ ರೆಕಾರ್ಡಿನಿಂದ. ಅದರ ಹಿಂದೆಯೂ ಒಬ್ಬ ಹೆಣ್ಣು. ಸಿಲ್ವಿಯಾ ರಾಬಿನ್ಸನ್, ಸ್ವತಃ ಆರ್ ಅಂಡ್ ಬಿ ಗಾಯಕಿ, ಮೂವರು ಗಂಡುಮಕ್ಕಳ ತಾಯಿ. ಆಗ ಜನಪ್ರಿಯವಾಗಿದ್ದ ಒಂದು ಡಿಸ್ಕೋ ಹಾಡಿನ ತಾಳದ ಮೇಲೆ ಇವರ ಕೈಲಿ ಮಾತಾಡಿಸಿದರು. ಮೂವರಲ್ಲಿ ಒಬ್ಬ ಪಿಜ್ಜಾ ಅಂಗಡಿಯಲ್ಲಿ ಕೆಲಸಕ್ಕಿದ್ದವನು, ಅಲ್ಲಿಂದಲೇ ಕರೆತಂದದ್ದು. ಮೂಲ ರೆಕಾರ್ಡು ಹದಿನಾಲ್ಕು ನಿಮಿಷಕ್ಕೂ ಹೆಚ್ಚು. ಆ ತಾಯಿ 2011ರಲ್ಲಿ ತೀರಿಕೊಂಡರು.

ಆಗ ಒಂದು ವಿಚಿತ್ರ ನಡೆಯಿತು. ನರ್ಸಮ್ಮ ನಿಂತು ಆ ಹಾಡಿನ ಮಾತುಗಳನ್ನು ಜೊತೆಜೊತೆಗೆ ಹೇಳುತ್ತಿದ್ದರು, ಅದು ಸರಿ. ಪಕ್ಕದಲ್ಲಿ ನನ್ನ ಗೆಳತಿ! ಅರಸೀಕೆರೆಯ ಶಾಲೆಯಲ್ಲಿ ಪ್ರಾರ್ಥನೆ ಹೇಳುತ್ತಿದ್ದವಳು, ನವರಾತ್ರಿಯಲ್ಲಿ ದೇವರನಾಮಕ್ಕೆ ಬಹುಮಾನ ತಂದವಳು, ಅವಳ ತುಟಿಯೂ ಅದೇ ವೇಗದಲ್ಲಿ ಆಡುತ್ತಿತ್ತು. ಒಂದು ಮಾತೂ ತಪ್ಪದೆ. "ಲೇ, ನಿಂಗೆಲ್ಲಿ ಬರುತ್ತೆ ಇದು?" ಅಂತ ಸೆರಗು ಹಿಡಿದು ಎಳೆದೆ. "ಲ್ಯಾಬಿನ ರೇಡಿಯೋ ಕಣೇ! ಮೂವತ್ತು ವರ್ಷ ಅದೇ ಹಾಕೋರು!" ಅಂದಳು, ನನ್ನ ಕಡೆ ತಿರುಗದೆ. ಆಮೇಲೆ ಅವಳು ಕೂರಲೇ ಇಲ್ಲ. ನನ್ನ ಮಂಡಿ ಕೇಳಲಿಲ್ಲ, ನಾನು ಕೂತೆ.

ಎಲ್ಲವೂ ನನಗೆ ಹಿಡಿಸಿತು ಅನ್ನಲಾರೆ. ಐಸ್ ಕ್ಯೂಬ್, ಸ್ನೂಪ್ ಡಾಗ್, ಲಿಲ್ ವೇಯ್ನ್ ದೊಡ್ಡ ದೊಡ್ಡ ಹೆಸರುಗಳು. ಆದರೆ ಈ ಸಂಗೀತದಲ್ಲಿ ಹೆಂಗಸರನ್ನು ಕುರಿತು ಆಡುವ ಬಯ್ಗುಳ ಕಡಿಮೆಯಿಲ್ಲ. ತಾಳ ಚೆನ್ನಾಗಿದೆ ಅಂತ ಅದನ್ನು ನುಂಗಲು ನನಗಾಗುವುದಿಲ್ಲ. ನರ್ಸಮ್ಮನೂ ಕೆಲವು ಹಾಡಿಗೆ ಮುಖ ಸಿಂಡರಿಸಿದರು. "ನನ್ನ ಮಗಳ ಜೊತೆ ಇದಕ್ಕೇ ಜಗಳ" ಅಂದರು. ಈವ್, ಟ್ರೀನಾ, ಬ್ರಾಂಕ್ಸಿನದೇ ಮಗಳಾದ ರೆಮಿ ಮಾ, ಲಿಲ್ ಕಿಮ್ ಈ ನಾಲ್ವರು ಹೆಣ್ಣುಮಕ್ಕಳ ಸರದಿಯೂ ಇತ್ತು. ಅವರ ಉಡುಪಿನ ಬಗ್ಗೆ ಬರೆದರೆ ಸಂಪಾದಕರು ಹೊಡೆದುಹಾಕುತ್ತಾರೆ. ಧೈರ್ಯಕ್ಕೆ ಮಾತ್ರ ಕೊರತೆಯಿಲ್ಲ. ಗಂಡಸರು ಏನೇನು ಅಂದರೋ ಅಷ್ಟನ್ನೂ ಬಡ್ಡಿ ಸಮೇತ ಹಿಂದಿರುಗಿಸಿದರು.

ಲಾರಿನ್ ಹಿಲ್ ಬಂದಾಗ ಮಾತ್ರ ನಾನೂ ಎದ್ದು ನಿಂತೆ. ಈಕೆ ರ‍್ಯಾಪನ್ನೂ ಹೇಳಬಲ್ಲಳು, ಸೋಲ್ ಸಂಗೀತವನ್ನೂ ಹಾಡಬಲ್ಲಳು. ಪಲ್ಲವಿ ಹಾಡು, ಚರಣ ಮಾತು ಅಂತ ಇಟ್ಟುಕೊಳ್ಳಿ. ಹಾಡು ಕಟ್ಟುತ್ತಿದ್ದ ಕಾಲದಲ್ಲೇ ಗರ್ಭಿಣಿಯಾದಳು. ಈಗ ಮಗು ಯಾಕೆ, ಹೆಸರು ಬರುವ ಸಮಯ ಎಂದು ಜನ ಹೇಳಿದರೂ ಕೇಳದೆ ಮಗುವನ್ನು ಹೆತ್ತದ್ದರ ಮೇಲೆಯೇ ಒಂದು ಹಾಡು ಮಾಡಿದಳು. 1998ರಲ್ಲಿ ಬಂದ ಆ ರೆಕಾರ್ಡಿಗೆ ಮರುವರ್ಷ ವರ್ಷದ ಅತ್ಯುತ್ತಮ ಆಲ್ಬಂ ಎಂಬ ಗ್ರ್ಯಾಮಿ ಬಂತು. ಹಿಪ್ ಹಾಪಿಗೆ ಆ ಬಹುಮಾನ ಸಿಕ್ಕಿದ್ದು ಅದೇ ಮೊದಲು. ಒಂದೇ ರಾತ್ರಿ ಅವಳಿಗೆ ಐದು ಗ್ರ್ಯಾಮಿ.

ಕೊನೆಯ ತಂಡ ರನ್-ಡಿ.ಎಂ.ಸಿ. ಬರುವ ಮುಂಚೆ ನಾವು ಎದ್ದೆವು. ಅವರು ವೇದಿಕೆ ಹತ್ತುವ ಹೊತ್ತಿಗೆ ನಡುರಾತ್ರಿ ಕಳೆದಿತ್ತಂತೆ. ನಮ್ಮಂತೆ ಎದ್ದುಹೋದವರು ಬಹಳ. ಹೋಗುವವರಿಗೆ ಒಂದು ಮಾತು: ತೆಳುವಾದ ಶಾಲು ಇಟ್ಟುಕೊಳ್ಳಿ, ಬೇಸಿಗೆಯಾದರೂ ರಾತ್ರಿ ಗಾಳಿ ತಣ್ಣಗಿರುತ್ತದೆ. ಕಿವಿಗೆ ಹತ್ತಿ ಮರೆಯಬೇಡಿ. ವಾಪಸು ರೈಲಿನಲ್ಲಿ ಒಬ್ಬರನ್ನೊಬ್ಬರು ಬಿಡದೆ ಹಿಡಿದುಕೊಳ್ಳಿ, ಅಷ್ಟು ನೂಕುನುಗ್ಗಲು. ಸ್ಟೇಷನ್ನಿನ ಮೆಟ್ಟಿಲಲ್ಲಿ ನರ್ಸಮ್ಮ ಗೆಳತಿಯನ್ನು ಬಹಳ ಹೊತ್ತು ತಬ್ಬಿ ನಿಂತರು. ಇಬ್ಬರೂ ಏನೂ ಮಾತಾಡಲಿಲ್ಲ.

ಮನೆ ಮುಟ್ಟಿದಾಗ ಎರಡು ಗಂಟೆ. ನಾನು ಬೂಟು ಬಿಚ್ಚುತ್ತಿದ್ದೆ, ಅವಳು ನೇರ ಅಡಿಗೆಮನೆಗೆ ಹೋಗಿ ಫ್ರಿಜ್ಜು ತೆಗೆದಳು. ಮಧ್ಯಾಹ್ನದ ಅನ್ನ ಉಳಿದಿತ್ತು. ಬಾಣಲೆ ಇಟ್ಟು, ಕಡಲೆಬೀಜ ಹುರಿದು, ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಕಲೆಸಿದಳು. ನಿಂತುಕೊಂಡೇ ತಿಂದಳು. ಮತ್ತೆ ಹಾಕಿಕೊಂಡಳು. "ಅವರು ಹೋದಮೇಲೆ ಇವತ್ತೇ ಕಣೇ ನಂಗೆ ಹಸಿವಾಗಿದ್ದು" ಅಂದಳು. ಅಂದವಳು ಅಳಲಿಲ್ಲ. ನನಗೇ ತಡೆಯಲಾಗಲಿಲ್ಲ, ನೀರು ಕುಡಿಯುವ ನೆಪ ಮಾಡಿ ಆ ಕಡೆ ತಿರುಗಿದೆ.

ಬೆಳಗ್ಗೆ ಎಂಟಕ್ಕೆ ಬೆಂಗಳೂರಿನ ಫೋನು. ಅಲ್ಲಿ ಸಂಜೆ ಐದೂವರೆ. ಗೆಳತಿ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದಳು.

"ರಾತ್ರಿಯೆಲ್ಲ ಫೋನೇ ಎತ್ತಲಿಲ್ವಲ್ಲೇ?"

"ಕಛೇರಿಗೆ ಹೋಗಿದ್ದೆ ಅತ್ತಿಗೆ. ಬರೋದು ಎರಡು ಗಂಟೆ ಆಯ್ತು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಯಾರ ಕಛೇರಿ?"

"ಸುಮಾರು ಜನರದ್ದಿತ್ತು" ಅಂದು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಒಗ್ಗರಣೆಗೆ ಸಾಸಿವೆ ಹಾಕಿದಳು.